ಚಿಕ್ಕಮ್ಮ ಕಟ್ಟಿದ ರಕ್ಕಸ

ತೊಂಬತ್ತರ ದಶಕದಲ್ಲಿ, ಪಾಂಡವಪುರದ ನಮ್ಮ ಮನೆಯ ಜಗಲಿಯ ಮೇಲೆ, ನಾನೂ ಇಬ್ಬರು ಗೆಳೆಯರೂ ಭಾನುವಾರಗಳಲ್ಲಿ ಒಂದು ಆಟ ಆಡುತ್ತಿದ್ದೆವು. ನಾನು ಕಥೆ ಕಟ್ಟಬೇಕು, ಅವರು ಅದರೊಳಗಿನ ವೀರರಾಗಿ ದಾಳ ಹಾಕಿ ಹೋರಾಡಬೇಕು. ಅವರು ಕೊಲ್ಲಲೆಂದೇ ಒಂದು ರಕ್ಕಸ ಕುಲವನ್ನು ಹುಟ್ಟಿಸಿದೆ. ದಯೆ ದಾಕ್ಷಿಣ್ಯವಿಲ್ಲದ, ಊರು ಸುಡುವುದೇ ಕಸುಬಾದ ಕುಲ. ಅದರ ದೊರೆಯ ಮುಖವನ್ನು ರಟ್ಟಿನ ಮೇಲೆ ಬರೆದು, ಕೋರೆಹಲ್ಲಿಗೆ ಬಿಳಿ ಬಣ್ಣ ಬಳಿದು ಬಿಸಿಲಿಗೆ ಇಟ್ಟಿದ್ದೆ.

ಆಟದ ಹೊತ್ತಿಗೆ ರಟ್ಟು ಮಾಯ. ಹುಡುಕಿದರೆ, ಪಕ್ಕದ ಬೀದಿಯಲ್ಲಿ ಚಿಕ್ಕಮ್ಮ ಕಟ್ಟಿಸುತ್ತಿದ್ದ ಹೊಸ ಮನೆಯ ಮುಂದೆ, ಗಳವೊಂದಕ್ಕೆ ದೃಷ್ಟಿಗೆಂದು ನೇತುಹಾಕಿದ್ದಾರೆ!

"ಇದು ಕೇಡಿಗರ ಜಾತಿ ಕಣ್ ಚಿಕ್ಕಮ್ಮ, ಕಂಡ್ ಕಂಡ ಮನೆಗೆಲ್ಲಾ ಬೆಂಕಿ ಇಕ್ಕೋರು!" ಎಂದು ಕಿರುಚಿದೆ.

"ಅದ್ಕೇ ಕಣ್ಲಾ ಕಟ್ಟಿರದು. ಒಳ್ಳೇವ್ರ ಮೊಕ ಕಟ್ಟುದ್ರೆ ಯಾರ್ಲಾ ಎದ್ರುಕೊಂಡಾರು?" ಎಂದರು ಚಿಕ್ಕಮ್ಮ.

ಜೊತೆಗೆ ಬಂದಿದ್ದ ಗೆಳೆಯರೂ ಹೌದೆಂದು ತಲೆಯಾಡಿಸಿದರು. ಥೂ! ರಟ್ಟು ಹಾಳಾಗಲಿ ಎಂದು ಜಗಲಿಗೆ ಮರಳಿ ಆಟ ಶುರುಮಾಡಿದೆ. ಕಥೆಯೊಳಗೆ ರಕ್ಕಸರ ದೊರೆಯನ್ನು ಅವರೆದುರು ತಂದು ನಿಲ್ಲಿಸಿ, "ಹಾಕ್ರಲಾ ದಾಳ" ಎಂದೆ. ಇಬ್ಬರೂ ಕೈಕಟ್ಟಿ ಕೂತರು.

"ಬ್ಯಾಡ ಬುಡ್ಲಾ," ಎಂದ ಒಬ್ಬ. "ಮನೆ ಕಾಯೋನ್ನ ಕೊಂದ್ರೆ ಒಳ್ಳೇದಾಯ್ತದಾ? ಗೃಹಪ್ರವೇಶ ಮುಗೀಲಿ, ಆಮೇಲೆ ಸಾಯ್ಸಾನ."

ಚಿಕ್ಕಮ್ಮನ ಮನೆಯ ಗೋಡೆ ಇನ್ನೂ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ.