ಗೋಡೆ ಕಿತ್ತು ಮಾಡಿದ ಹೂವು

ಮೊನ್ನೆ ಗೌರಿ ಹಬ್ಬಕ್ಕೆಂದು ಮೊಮ್ಮಗಳು ಥರ್ಮಾಕೋಲ್ ಕತ್ತರಿಸಿ ಹೂವು ಮಾಡುತ್ತಿದ್ದಳು. ಒಂದು ಬಿಳಿ ಚೂರು ನನ್ನ ಸೆರಗಿಗೆ ಅಂಟಿತು. ಉಗುರಿನಿಂದ ಒತ್ತಿ ನೋಡಿದೆ. ಥೇಟ್ ಜೋಳದ ದಂಟಿನ ಬೆಂಡಿನಷ್ಟೇ ಹಗುರ... ಆದರೆ ಒಣ ಕಣಿಕೆಯ ಆ ಸಿಹಿ ವಾಸನೆ ಇದಕ್ಕೆಲ್ಲಿ ಬರಬೇಕು? ಅಕ್ಕಲಕೋಟೆಯ ನಮ್ಮ ನೆರೆಮನೆಯ ಕಾಕು ನೆನಪಾದಳು.

ಐವತ್ತೈದು ವರ್ಷದ ಹಿಂದಿನ, ಇಪ್ಪತ್ತರ ದಶಕದ ಮಾತು. ನಾನಾಗ ಹೊಸದಾಗಿ ಗಂಡನ ಮನೆಗೆ ಬಂದ ಸೊಸೆ. ಊರಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗಿಗೆ ಹೆದರಿ ಎಲ್ಲರೂ ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಂಡೆವು. ಗೋಡೆಗೂ ಸೂರಿಗೂ ಜೋಳದ ಒಣ ದಂಟಿನ ಕಣಿಕೆಯೇ. ಕಾಕುವಿನ ಜೋಪಡಿ ನಮ್ಮದಕ್ಕೆ ಹತ್ತಿಕೊಂಡೇ ಇತ್ತು. ಸೊಲ್ಲಾಪುರಕ್ಕೆ ಕೊಟ್ಟ ಅವಳ ಮಗಳು ಬಾಣಂತನಕ್ಕೆ ಬಂದವಳು ಅಲ್ಲಿಯೇ ಹೆಣ್ಣುಕೂಸು ಹಡೆದಳು.

ಆ ಮಗಳ ಮೊದಲಿನ ಎರಡು ಕೂಸುಗಳು ಹೆಸರಿಡುವ ಮುಂಚೆಯೇ ಹೋಗಿದ್ದವು. ಹೀಗಾಗಿ ಈ ಸಲ ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಕೂಸನ್ನು ಮೊಲೆಗೆ ಹಚ್ಚಿದರೆ ಕುಡಿಸುತ್ತಿದ್ದಳು, ಅದರ ಮುಖ ಮಾತ್ರ ನೋಡುತ್ತಿರಲಿಲ್ಲ. "ಇದೂ ಉಳಿಯಂಗಿಲ್ಲವ್ವಾ, ತೊಟ್ಟಲಾ ಬ್ಯಾಡ," ಎಂದಳು. ಬೀಗರೂ ಪ್ಲೇಗಿನ ಊರಿಗೆ ಬರುವುದಿಲ್ಲ, ಹೆಸರಿಡುವುದನ್ನು ಆಮೇಲೆ ನೋಡಿದರಾಯಿತು ಎಂದು ಹೇಳಿ ಕಳಿಸಿದರು.

ಕಾಕು ಕೇಳುವ ಹೆಣ್ಣೇ? "ಉಳಸೂದು ದೇವರ ಕೈಯಾಗ ಐತಿ. ತೊಟ್ಟಲಾ ಕಟ್ಟೂದು ನನ್ನ ಕೈಯಾಗ ಐತಿ," ಎಂದವಳೇ ಸೆರಗು ಸಿಕ್ಕಿಸಿದಳು. ಹೂವಿಲ್ಲದ ತೊಟ್ಟಿಲಿಗೆ ಮೊಮ್ಮಗಳನ್ನು ಹಾಕುವುದಿಲ್ಲವೆಂದು ಹಟ ಬೇರೆ. ಊರಿನ ಹೂವಿನ ಅಂಗಡಿಗೆ ಬೀಗ ಬಿದ್ದಿತ್ತು. ಬಣವೆಯ ಕಣಿಕೆ ದನಗಳ ಮೇವು, ಮುಟ್ಟುವ ಹಾಗಿಲ್ಲ. ಕಾಕು ಜೋಪಡಿಯ ಗೋಡೆಗೇ ಕೈ ಹಾಕಿದಳು! ಬಾಣಂತಿಯ ಕಡೆಯ ಗೋಡೆಯೊಂದನ್ನು ಮುಟ್ಟದೆ ಬಿಟ್ಟಳು, ಅಷ್ಟೇ.

ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡನ್ನು ತೆಳ್ಳಗೆ ಕೊಯ್ದಳು. ಕೆಲವನ್ನು ಅರಿಸಿನದ ನೀರಿನಲ್ಲಿ, ಕೆಲವನ್ನು ಕುಂಕುಮದ ನೀರಿನಲ್ಲಿ ಅದ್ದಿದಳು. ಸಿಪ್ಪೆಯ ಸೀಳುಗಳಿಂದಲೇ ಎಸಳಿಗೆ ಎಸಳು ಚುಚ್ಚಿ ಹೂವು ಮಾಡಿದಳು, ನಡುವೆ ಹೊಲದ ಕುಸುಬಿ ಹೂವಿನ ಎಳೆ ಇಟ್ಟಳು. ನಾನೂ ಜೊತೆಗೆ ಕೂತೆ. ನಾನು ಮಾಡಿದ್ದನ್ನು ನೋಡಿ, "ಏನವ್ವಾ ಇದು, ಹೂವೋ ಹುಳಾನೋ?" ಎಂದು ನಗುತ್ತಿದ್ದಳು.

ಗೋಡೆ ದಿನದಿನಕ್ಕೆ ತೆಳುವಾಯಿತು. ಅವಳ ಗಂಡ, ನಮ್ಮ ಕಾಕಾ, ತಲೆಯ ಮೇಲೆ ಕೈ ಹೊತ್ತರು. "ಅಲ್ಲಾ, ಗ್ವಾಡಿ ಕಿತ್ತು ಹೂವು ಮಾಡಾಕತ್ತೀಯಲ್ಲ, ಥಂಡಿಗೆ ನಾ ಏನ್ ಹೊದ್ಕೋಬೇಕು, ಹಾರಾ ಏನು?"

"ಹೊದ್ಕೋರಿ. ನಿಮಗೂ ಒಂದ್ ಮಾಡಿಕೊಡ್ತೀನಿ," ಎಂದಳು ಕಾಕು, ಕೈಯ ಕೆಲಸ ಬಿಡದೆ.

ಹೆಸರಿಡುವ ದಿನ ತೊಲೆಗೆ ಸೀರೆಯ ಜೋಳಿಗೆ ಕಟ್ಟಿ ಸುತ್ತಲೂ ಮಾಲೆ ಇಳಿಬಿಟ್ಟಳು. ಅಕ್ಕಪಕ್ಕದ ಹೆಂಗಸರು ಸೇರಿ ಜೋಗುಳ ಹಾಡಿದೆವು. ಮಗಳು ಮೆಲ್ಲಗೆ ಇತ್ತ ಹೊರಳಿದಳು. ಮಾಲೆಯ ಒಂದೊಂದೇ ಹೂವನ್ನು ನೋಡಿದಳು...

"ಅವ್ವಾ, ಆ ಒಂದು ಹೂವು ಸೊಟ್ಟ ಆಗೈತಿ ನೋಡು."

ಅದು ನಾನು ಮಾಡಿದ್ದು! ಎದ್ದು ಬಂದು ತಾನೇ ಬಿಚ್ಚಿ ಸರಿಮಾಡಿದಳು. ಆಮೇಲೆ ಕೂಸನ್ನು ಎತ್ತಿಕೊಂಡು ಅದರ ಮುಖ ನೋಡಿದಳು. ಸೋದರತ್ತೆ ಹೇಳಬೇಕಾದ ಹೆಸರನ್ನು ತಾನೇ ಅದರ ಕಿವಿಯಲ್ಲಿ ಹೇಳಿದಳು. ಅಲ್ಲಿಯವರೆಗೆ ಕಣ್ಣಲ್ಲಿ ಒಂದು ಹನಿ ತಂದಿರದ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಕೂಸು ಉಳಿಯಿತು. ಊರಿಗೆ ಮರಳುವ ಮುಂಚೆ ಹೋದವಳು ಕಾಕು... ಅದೇ ಸುಡುಗಾಡು ಜ್ವರ. ಅವಳ ಜೋಪಡಿಯನ್ನು ಹೂವಿನ ಸಮೇತ ಸುಟ್ಟರು. ಒಂದನ್ನಾದರೂ ಇಟ್ಟುಕೊಳ್ಳುತ್ತೇನೆಂದರೆ ಯಾರೂ ಬಿಡಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಆ ಕೂಸಿಗೆ ಈಗ ಮೊಮ್ಮಕ್ಕಳಾಗಿದ್ದಾರೆ. ಪ್ರತಿ ವರ್ಷ ಗೌರಿ ಊಟಕ್ಕೆ ನಮ್ಮ ಮನೆಗೆ ಬರುತ್ತಾಳೆ. ಅಜ್ಜಿಯ ಹೂವು ಹೇಗಿತ್ತೆಂದು ಅವಳಿಗೆ ಗೊತ್ತಿಲ್ಲ. ಈ ಸಲ ತೋರಿಸಿಯೇ ಬಿಡುತ್ತೇನೆಂದು ಹಾಲಿನವನಿಂದ ಕಣಿಕೆ ತರಿಸಿ ನಿನ್ನೆಯಿಂದ ಕೂತಿದ್ದೇನೆ. ಒಂದು ಹೂವು ಆಯಿತು, ಸೊಟ್ಟಗೆ. ಬಿಚ್ಚಿ ಮತ್ತೆ ಮಾಡಿದೆ, ಮತ್ತೂ ಸೊಟ್ಟ. ಹೂವೋ ಹುಳಾನೋ ಎಂದು ನಗಲು ಕಾಕು ಇಲ್ಲ... ಇನ್ನೊಂದು ದಂಟು ಸುಲಿಯುತ್ತಿದ್ದೇನೆ.