ಗುಡ್ಡದ ಬಸ್ಸು

ವಿಕ್ರೋಳಿಯ ನಮ್ಮ ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವಳು ಪ್ಯಾಂಟ್ರಿಯಲ್ಲಿ ಚಹಾ ಮಾಡುವ ಅಕ್ಕ ಒಬ್ಬಳೇ. ಅವಳು ಕಲಬುರಗಿ ಕಡೆಯವಳು, ಮನೆ ಇಲ್ಲೇ ಒಂದು ಗುಡ್ಡದ ಮೇಲಿನ ಬಡವರ ಕೇರಿಯಲ್ಲಿ. ನಾನು ಬೊರಿವಲಿಯಲ್ಲೇ ಹುಟ್ಟಿ ಬೆಳೆದ ಉಡುಪಿಯವರ ಮಗಳು. "ಪುಸ್ತಕ ಓದಿದಂಗ ಮಾತಾಡ್ತೀರಿ ನೋಡ್ರಿ ಮೇಡಂ," ಎಂದು ನಗುತ್ತಿದ್ದಳು.

ಈ ಸಲ ಮಳೆಗಾಲ ಮುಗಿದ ಮೇಲೆ ಅವಳು ಮೇಲಿಂದ ಮೇಲೆ ತಡವಾಗಿ ಬರತೊಡಗಿದಳು. ಯಾಕೆಂದು ಕೇಳಿದೆ.

"ನಮ್ಮ ಗುಡ್ಡದ ಬಸ್ ಬಂದ್ ಮಾಡ್ಯಾರ್ರೀ. ನಮ್ಮನಿಯವ್ರು ಬಿಲ್ಡಿಂಗ್ ಸೈಟಿನಾಗ ಬಿದ್ದು ಕಾಲು ಮುರಕೊಂಡಾರ. ದವಾಖಾನಿಗೆ ಹೋಗಬೇಕಂದ್ರ ರಿಕ್ಷಾದವ್ರು ಮ್ಯಾಲೆ ಬರೂದಿಲ್ಲ. ಹೆಗಲು ಕೊಟ್ಟು ಇಳಿಸ್ಕೊಂಡು ಬರ್ತೀನಿ."

ಚಹಾ ಕೈಯಲ್ಲೇ ಆರಿತು. ನಗರದ ಬಸ್ಸುಗಳು ಎಲ್ಲಿ ಓಡಬೇಕೆಂದು ನಿರ್ಧರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದದ್ದು ನಮ್ಮ ತಂಡ. ಎಲ್ಲಿ ಎಷ್ಟು ಜನ ಹತ್ತುತ್ತಾರೆಂದು ಅದು ಮೊಬೈಲ್ ಟಿಕೆಟ್‌ಗಳಿಂದ ತಿಳಿಯುತ್ತಿತ್ತು. ಕಂಡಕ್ಟರ್ ಕೊಡುವ ಟಿಕೆಟ್‌ಗಳ ದಾಖಲೆಯಲ್ಲಿ ಸ್ಟಾಪಿನ ಹೆಸರುಗಳು ಅಡ್ಡಾದಿಡ್ಡಿಯಾಗಿದ್ದವು. ಅವನ್ನು ಬಿಟ್ಟುಬಿಡೋಣ ಎಂದವಳು ನಾನೇ. ಆ ಗುಡ್ಡದವರು ಹೆಚ್ಚಾಗಿ ಕಂಡಕ್ಟರ್ ಹತ್ತಿರವೇ ಟಿಕೆಟ್ ಕೊಳ್ಳುವವರು. ಪ್ರೋಗ್ರಾಂ ಪಾಲಿಗೆ ಅಲ್ಲಿ ಜನವೇ ಇರಲಿಲ್ಲ.

"ಅಕ್ಕ, ಆ ಬಸ್ ನಿಂತದ್ದು ನಾನು ಮಾಡಿದ ಕೆಲಸದಿಂದ," ಎಂದೆ.

ಅವಳು ನಕ್ಕುಬಿಟ್ಟಳು. "ಹುಚ್ಚು ಹಿಡಿದದೇನ್ರಿ? ಮ್ಯಾಲಿನವ್ರು ಮಾಡಿದ್ದಕ್ಕ ನೀವ್ಯಾಕ ಮಾರಿ ಸಣ್ಣ ಮಾಡ್ತೀರಿ?"

ಎಷ್ಟು ಬಿಡಿಸಿ ಹೇಳಿದರೂ ನಂಬಲಿಲ್ಲ. ಅವಳು ಬೈದಿದ್ದರೆ ನಾನು ಅಷ್ಟು ಕುಗ್ಗುತ್ತಿರಲಿಲ್ಲವೇನೋ.

ಮ್ಯಾನೇಜರ್ ಹತ್ತಿರ ಹೋದೆ. "ಸರಿ ಮಾಡು," ಎಂದರು ಹಿಂದಿಯಲ್ಲಿ, "ಆದರೆ ಹೊಸ ಬಸ್ ಸಿಗುವುದಿಲ್ಲ. ಅಲ್ಲಿ ಕೊಟ್ಟರೆ ಇನ್ನೆಲ್ಲಿಂದಲೋ ತೆಗೆಯಬೇಕು."

ಕಂಡಕ್ಟರ್ ದಾಖಲೆಗಳನ್ನೆಲ್ಲ ತಿದ್ದಿ ಸೇರಿಸಿದೆ. ಗುಡ್ಡಕ್ಕೆ ಬಸ್ಸು ಮರಳಿತು. ಅದಕ್ಕಾಗಿ ಪ್ರೋಗ್ರಾಂ ನಮ್ಮ ಬೊರಿವಲಿಯ ಬಸ್ಸನ್ನೇ ತೆಗೆಯಲಿ ಎಂದು ಒಳಗೊಳಗೇ ಬಯಸಿದ್ದೆ. ತೆಗೆದದ್ದು ಖಾಡಿ ಎನ್ನುವ ಸಮುದ್ರದ ಹಿನ್ನೀರಿನ ಅಂಚಿನಲ್ಲಿದ್ದ, ಮೀನುಗಾರರ ಒಂದು ಸಣ್ಣ ಬಸ್ತಿಯಿಂದ. ಲೆಕ್ಕದಲ್ಲಿ ಈ ಸಲ ತಪ್ಪಿರಲಿಲ್ಲ. ಅಲ್ಲಿ ಜನ ನಿಜವಾಗಿಯೂ ಕಡಿಮೆ. ಬದಲಾವಣೆಗೆ ಸಹಿ ಹಾಕಿದೆ.

ನಾನು ದಾಖಲೆ ತಿದ್ದಿದ ಸುದ್ದಿ ಕೇಳಿ ಅಕ್ಕ ಶೇಂಗಾ ಹೋಳಿಗೆ ತಂದಳು. "ನಿಮ್ಮಿಂದ ಬಸ್ ಬಂತಂತ ಗುಡ್ಡದಾಗ ಎಲ್ಲಾರಿಗೂ ಹೇಳೀನ್ರಿ!" ತಪ್ಪನ್ನು ನಂಬದವಳು ಉಪಕಾರವನ್ನು ಎಷ್ಟು ಸುಲಭವಾಗಿ ನಂಬಿದಳು! ಹೋಳಿಗೆಯನ್ನು ಡಬ್ಬಿಯಲ್ಲಿ ಹಾಗೇ ಮುಚ್ಚಿಟ್ಟೆ.

ಭಾನುವಾರ ಖಾಡಿಯ ಬಸ್ತಿಗೆ ಹೋದೆ. ಸ್ಟಾಪಿನಲ್ಲಿ ಮೀನು ಮಾರುವ ಮುದುಕಿಯೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಬಸ್ ಯೇಣಾರ್ ಕಾ, ಬಾಯಿ?" ಬಸ್ಸು ಬರುತ್ತದೆಯೇ ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದಳು.

ಇನ್ನು ಬರುವುದಿಲ್ಲ ಎಂದೆ. ಯಾಕೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಬುಟ್ಟಿ ತಲೆಗೇರಿಸಿ ಹೆದ್ದಾರಿಯತ್ತ ನಡೆದಳು. ನಾನೂ ಹಿಂದೆಯೇ ನಡೆದೆ. ಬಿಸಿಲು ಜೋರಿತ್ತು. ದಾರಿಯುದ್ದಕ್ಕೂ ಅವಳು ತನ್ನ ಮೊಮ್ಮಗಳ ಮದುವೆಯ ಸುದ್ದಿ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ.

ಆ ಬಸ್ತಿಗೂ ಬಸ್ಸು ಬೇಕೆಂದು ಈಗ ಪ್ರತಿ ಸಭೆಯಲ್ಲೂ ಕೇಳುತ್ತೇನೆ. ಇನ್ನೂ ಸಿಕ್ಕಿಲ್ಲ.