ಇಂತಿಸಾರ್ ತಂದ ಪೊಟ್ಟಣ

ಸ್ವೀಡನ್ನಿನ ಫ್ಲೆಮಿಂಗ್ಸ್‌ಬೆರಿಯ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ದಾದಿಯಾಗಿದ್ದು ನಿವೃತ್ತರಾದ, ಕನ್ನಡ ಕರಾವಳಿಯ ರೋಸಿಬಾಯಿ ಕೈಕಟ್ಟಿ ಕೂರುವವರಲ್ಲ. ಹೋದ ವರ್ಷ ಇಗರ್ಜಿಯ ಸಂಘವೊಂದರ ಮೂಲಕ ಪ್ಯಾಲೆಸ್ತೀನಿಗೆ ಹೋಗಿ, ಮೂರು ತಿಂಗಳು ಸೈನಿಕರ ಒಂದು ತಪಾಸಣಾ ಗೇಟಿನ ಬಳಿ ನಿಂತು ಬಂದರು. ಮುಂಜಾನೆ ಕೆಲಸಕ್ಕೆ ಹೊರಟವರಲ್ಲಿ ಎಷ್ಟು ಜನ ದಾಟಿದರು, ಎಷ್ಟು ಜನರನ್ನು ಹಿಂದಕ್ಕೆ ಕಳಿಸಿದರು, ಯಾರ ಚೀಲವನ್ನು ನೆಲಕ್ಕೆ ಸುರಿಸಿದರು ಎಂದು ಬರೆದಿಡುವುದೇ ಅವರ ಕೆಲಸ. ಈ ಮಂಗಳವಾರ ಮತ್ತೆ ಅಲ್ಲಿಗೇ ಹೊರಡುವವರಿದ್ದರು.

ಭಾನುವಾರ, ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಜೊತೆಗೆ ದುಡಿದಿದ್ದ ಇಂತಿಸಾರ್ ಬಂದಳು. ಆ ಗೇಟಿನ ಆಚೆಯ ಹಳ್ಳಿಯವಳು. ಕಾಫಿಯನ್ನು ಮುಟ್ಟದೆ, ಟೇಪು ಸುತ್ತಿದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು.

"ಅಮ್ಮನಿಗೆ ತಲುಪಿಸಬೇಕು, ಕಿವಿಯ ಮಿಷನ್. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಗೇಟು ದಾಟಬೇಕು. ನಿಲ್ಲು ಅಂತ ಸೈನಿಕ ಕೂಗಿದ್ದು ಅವಳಿಗೆ ಕೇಳಿಸೋದಿಲ್ಲ. ನಡೀತಾನೇ ಇರ್ತಾಳೆ. ಮೊನ್ನೆ ಕೋವಿ ಎತ್ತಿದರಂತೆ."

ರೋಸಿಬಾಯಿ ಬಾಯಿ ತೆರೆಯುವ ಮೊದಲೇ ಗಂಡ ಇಗ್ನೇಷಿಯಸ್ ಅವರನ್ನು ಒಳಗೆ ಕರೆದರು.

"ಯಾರಾದ್ರೂ ಏನಾದ್ರೂ ಕೊಟ್ಟಿದ್ದಾರಾ ಅಂತ ವಿಮಾನ ನಿಲ್ದಾಣದಲ್ಲಿ ಕೇಳ್ತಾರೆ. ಏನು ಹೇಳ್ತಿ?"

"ಕೊಟ್ಟಿದ್ದಾರೆ ಅಂತ."

"ಒಳಗೇನಿದೆ ಅಂತ ಗೊತ್ತುಂಟಾ ಮಾರಾಯ್ತಿ? ದುಬೈಗೆ ಹೋಗುವಾಗ ಉಪ್ಪಿನಕಾಯಿ ಬಾಟಲಿಯನ್ನೂ ಬಿಚ್ಚಿ ನೋಡ್ತಿದ್ದವಳು ನೀನು!"

ಅದು ಕರಾವಳಿಯವರ ಹಳೆಯ ರೂಢಿ. ಗಲ್ಫಿಗೆ ಹೊರಟವರ ಕೈಯಲ್ಲಿ ಊರಿಗೆ ಊರೇ ಪೊಟ್ಟಣ ಕಳಿಸುತ್ತಿತ್ತು. ಕೊಟ್ಟವರ ಎದುರಿನಲ್ಲೇ ಬಿಚ್ಚಿ, ನೋಡಿ, ಮತ್ತೆ ಕಟ್ಟುತ್ತಿದ್ದರು, ಯಾರೂ ಬೇಸರಪಡುತ್ತಿರಲಿಲ್ಲ. ರೋಸಿಬಾಯಿ ಅದೇ ಧೈರ್ಯದಲ್ಲಿ ಕತ್ತರಿ ತಂದರು.

"ಸುಮ್ಮನೆ ಒಮ್ಮೆ ನೋಡ್ತೇನೆ. ನಮ್ಮೂರ ಪದ್ಧತಿ."

ಇಂತಿಸಾರ್ ತಟ್ಟನೆ ಎದ್ದು ನಿಂತಳು. ಕತ್ತರಿಯನ್ನು ತಾನೇ ತೆಗೆದುಕೊಂಡು ಪೊಟ್ಟಣ ಬಿಡಿಸಿದಳು. ಮಿಷನ್, ಬ್ಯಾಟರಿಗಳು, ಮಡಚಿದ ಕಾಗದ. ಆಮೇಲೆ, ಯಾರೂ ಹೇಳದೆಯೇ, ತನ್ನ ಕೈಚೀಲವನ್ನೂ ಮೇಜಿನ ಮೇಲೆ ಸುರಿದಳು.

"ಅಯ್ಯೋ, ಅದೆಲ್ಲ ಬೇಡ!" ಎಂದರು ರೋಸಿಬಾಯಿ. ಆದರೆ ಕಣ್ಣು ಕಾಗದವನ್ನು ಬಿಡಲಿಲ್ಲ. ಎಲ್ಲ ಅರಬ್ಬಿ ಅಕ್ಷರ. "ಇದರಲ್ಲೇನಿದೆ?"

"ಬ್ಯಾಟರಿ ಹಾಕುವ ಕ್ರಮ."

ಅದಕ್ಕೆ ಎರಡು ಪುಟವೇ? ರೋಸಿಬಾಯಿ ಬಾಯಿಬಿಟ್ಟು ಕೇಳಲಿಲ್ಲ, ಮುಖವೇ ಕೇಳಿತು. ಇಂತಿಸಾರ್ ಕಾಗದ ಬಿಡಿಸಿ, ಒಂದೊಂದೇ ಸಾಲನ್ನು ಸ್ವೀಡಿಷ್‌ನಲ್ಲಿ ಹೇಳತೊಡಗಿದಳು. ಮೊದಲ ನಾಲ್ಕು ಸಾಲು ಬ್ಯಾಟರಿಯದು. ಉಳಿದದ್ದು, ಅಪ್ಪ ತೀರಿಕೊಂಡಾಗ ಬಾರದೆ ಹೋದ ಮಗಳು ಕೇಳಿದ ಕ್ಷಮೆ.

"ಸಾಕು, ಇಂತಿಸಾರ್."

"ಆ ಗೇಟಿನಲ್ಲೂ ಕೊನೆಯವರೆಗೆ ನೋಡ್ತಾರೆ. ನೀವೇ ನಿಂತು ಬರೆದುಕೊಂಡಿದ್ದೀರಲ್ಲ?"

ಪೂರ್ತಿ ಓದಿದ ಮೇಲೆ ಕಾಗದವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಇದು ಬೇಡ. ಮಿಷನ್ ತಲುಪಿದರೆ ಫೋನಿನಲ್ಲೇ ಹೇಳ್ತೇನೆ. ಆಗ ಅವಳಿಗೆ ಕೇಳಿಸುತ್ತೆ."

"ತಲುಪಿಸ್ತೇನೆ. ಯಾರಾದರೂ ಕೇಳಿದರೆ ಮುಚ್ಚಿಡೋದಿಲ್ಲ."

"ಮುಚ್ಚಿಡಬೇಡಿ," ಎಂದು ಇಂತಿಸಾರ್ ಹೊರಟಳು.

ಬಾಗಿಲು ಹಾಕಿಕೊಂಡು ಬಂದ ರೋಸಿಬಾಯಿ ಮಿಷನನ್ನು ದೀಪದ ಕೆಳಗೆ ಹಿಡಿದರು. ಮನಸ್ಸು ಬೇಡವೆಂದರೂ ಉಗುರು ಅದರ ಪುಟ್ಟ ಮುಚ್ಚಳವನ್ನು ಎಬ್ಬಿಸಿಬಿಟ್ಟಿತು. ಒಳಗೆ ಬ್ಯಾಟರಿ ಕೂರುವಷ್ಟು ಜಾಗವಿತ್ತು, ಅಷ್ಟೆ.